ಕೋವಿ ತರಬೇತಿ: ರೇಂಜಿನಲ್ಲಿ ಕಲಿತದ್ದು ತೋಟಕ್ಕೆ ಎಷ್ಟು ಬಂದೀತು?

ನಮ್ಮ ಉತ್ತರ ಕನ್ನಡದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೋವಿ ಎಂದರೆ ಬೆಳೆ ರಕ್ಷಣೆಯ ಕೋವಿ. ಬಾಯಿಂದ ಮದ್ದು ತುಂಬಿ ಕೇಪು (ಕಿಡಿ ಹೊತ್ತಿಸುವ ಚಿಕ್ಕ ಟೋಪಿ) ಇಟ್ಟು ಹೊಡೆಯುವ ಹಳೆಯದೋ, ಅಜ್ಜನ ಹೆಸರಿನಿಂದ ಅಪ್ಪನ ಹೆಸರಿಗೆ ಬಂದ ಒಂಟಿ ನಳಿಗೆಯ ತೋಟಾ (ಕಾರ್ಟ್ರಿಜ್) ಕೋವಿಯೋ ಇರುತ್ತದೆ. ಘಟ್ಟ ಇಳಿದು ಕಾರವಾರ, ಅಂಕೋಲಾ, ಕುಮಟಾಕ್ಕೆ ಬಂದರೆ ಮಾತು ಬದಲಾಗುತ್ತದೆ: ಅಲ್ಲಿ ಲೈಸೆನ್ಸ್ ಕೇಳುವವರು ಹೇಳುವ ಕಾರಣ ಆತ್ಮರಕ್ಷಣೆ, ಕೇಳುವ ಆಯುಧ .32 ರಿವಾಲ್ವರ್ ಅಥವಾ ಪಿಸ್ತೂಲು. ಇವೆರಡರ ಪಕ್ಕದಲ್ಲಿ ಈಚೆಗೆ ಮೂರನೆಯ ಆಸೆಯೊಂದು ಹುಟ್ಟಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಒಂದು, ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು ಗೆದ್ದ ಮೇಲೆ, ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ತಂದ ಮೇಲೆ, ಎನ್‌ಸಿಸಿಯಲ್ಲಿ .22 ರೈಫಲ್ ಮುಟ್ಟಿ ಬಂದ ಹುಡುಗ ಹುಡುಗಿಯರು ಏರ್ ರೈಫಲ್ ಕೊಡಿಸಿ ಎಂದು ಮನೆಯಲ್ಲಿ ಹಠ ಹಿಡಿಯುತ್ತಿದ್ದಾರೆ.

ಮೂವರಿಗೂ ತರಬೇತಿ ಬೇಕು. 2016ರ ಆಯುಧ ನಿಯಮಾವಳಿ ಲೈಸೆನ್ಸ್ ಬೇಡುವವರ ಮುಂದೆ ಸುರಕ್ಷತಾ ತರಬೇತಿಯ ಷರತ್ತನ್ನೇ ಇಟ್ಟಿದೆ. ಕೋವಿಯನ್ನು ಸುರಕ್ಷಿತವಾಗಿ ಇಡುವುದು, ಸಾಗಿಸುವುದು, ಹಿಡಿಯುವ ಕ್ರಮ, ಗುಂಡು ಹಾರಿಸುವ ಕ್ರಮ, ಕೋವಿಯ ಮಾಲೀಕನಾಗಿ ಹೊರಬೇಕಾದ ಜವಾಬ್ದಾರಿ ಇವಿಷ್ಟೂ ಪಾಠಪಟ್ಟಿಯಲ್ಲಿವೆ. ಕಾಗದದ ಮೇಲೆ ಇದಕ್ಕೆ ಹೆಸರಿಡುವಂತಿಲ್ಲ. ತೊಡಕು ಇರುವುದು ಕಲಿಸುವವರ ಕಡೆ. ಕಲಿಸುವವರು ಒಂದೋ ಕ್ರೀಡಾ ಶೂಟಿಂಗ್‌ನಿಂದ ಬಂದವರು, ಇಲ್ಲವೇ ಪೊಲೀಸ್ ಅಥವಾ ಸೇನೆಯ ಹಿನ್ನೆಲೆಯವರು. ಒಬ್ಬರು ಹತ್ತಕ್ಕೆ ಹತ್ತು ಹೊಡೆಯಲು ಕಲಿಸುತ್ತಾರೆ, ಇನ್ನೊಬ್ಬರು ಎದುರಾಳಿ ಇದ್ದಾನೆ ಎಂದುಕೊಂಡು ಕಲಿಸುತ್ತಾರೆ. ಸಂಜೆ ಏಳಕ್ಕೆ ತೋಟದ ಅಂಚಿನಲ್ಲಿ ಸದ್ದು ಕೇಳಿ ನಿಂತ ರೈತ ಇವರಿಬ್ಬರ ಪಠ್ಯದಲ್ಲೂ ಇಲ್ಲ.

ಮೊದಲು ಕ್ರೀಡೆಯನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಅದರ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. 10 ಮೀಟರ್ ಏರ್ ರೈಫಲ್‌ನಲ್ಲಿ ಗುರಿಹಲಗೆಯ ಹತ್ತರ ಅಂಕ ಒಂದು ಚುಕ್ಕೆ, ಅಗಲ ಅರ್ಧ ಮಿಲಿಮೀಟರ್. ಹಾರುವ ಪೆಲೆಟ್ಟೇ 4.5 ಮಿಲಿಮೀಟರ್ ದಪ್ಪ. ಅರವತ್ತು ಗುಂಡಿಗೆ 75 ನಿಮಿಷ, ಅಂದರೆ ಒಂದೊಂದಕ್ಕೆ ಒಂದೂಕಾಲು ನಿಮಿಷ. ಶೂಟರ್ ದಪ್ಪ ಜಾಕೆಟ್, ದಪ್ಪ ಪ್ಯಾಂಟು, ಚಪ್ಪಟೆ ತಳದ ಬೂಟು ಹಾಕಿ, ಎಡ ಮೊಣಕೈಯನ್ನು ಸೊಂಟದ ಮೂಳೆಗೆ ಊರಿ, ಸ್ನಾಯುವಿಗೆ ಕೆಲಸ ಕೊಡದೆ ಮೂಳೆಯ ಮೇಲೆ ರೈಫಲ್ ನಿಲ್ಲಿಸುತ್ತಾನೆ. ಅರ್ಧ ಉಸಿರು ಬಿಟ್ಟು ತಡೆದು ಆರರಿಂದ ಎಂಟು ಸೆಕೆಂಡಿನೊಳಗೆ ಬಿಡಬೇಕು. ಅಷ್ಟರಲ್ಲಿ ಆಗಲಿಲ್ಲವೆಂದರೆ ಕಣ್ಣು ಮಂಜಾಗಿ ತೋಳು ನಡುಗಲು ಶುರು, ರೈಫಲ್ ಇಳಿಸಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಈ ಇಳಿಸುವ ಅಭ್ಯಾಸವನ್ನು ನೆನಪಿಟ್ಟುಕೊಳ್ಳಿ. ಕ್ರೀಡೆ ಕೊಡುವ ಅತಿ ದೊಡ್ಡ ಬಳುವಳಿ ಅದೇ ಎನ್ನಬಹುದು.

ಪಿಸ್ತೂಲಿನ ಲೆಕ್ಕ ಇನ್ನೂ ಕಣ್ಣಿಗೆ ಕಟ್ಟುವಂಥದ್ದು. ಏರ್ ಪಿಸ್ತೂಲಿನಲ್ಲಿ ಗುರಿ ನೋಡುವ ಹಿಂದಿನ ಸೈಟಿಗೂ ಮುಂದಿನದಕ್ಕೂ ಸುಮಾರು 35 ಸೆಂಟಿಮೀಟರ್ ಅಂತರ. ಅವೆರಡರ ಹೊಂದಿಕೆ ಅರ್ಧ ಮಿಲಿಮೀಟರ್ ತಪ್ಪಿದರೆ 10 ಮೀಟರ್‌ನಲ್ಲಿ ಗುಂಡು 14 ಮಿಲಿಮೀಟರ್ ಆಚೆ ಬೀಳುತ್ತದೆ. ಸೊಂಟದಲ್ಲಿಡುವ ಗಿಡ್ಡ ರಿವಾಲ್ವರ್‌ನಲ್ಲಿ ಆ ಅಂತರ ಹತ್ತು ಸೆಂಟಿಮೀಟರ್ ಎಂದುಕೊಂಡರೆ ಅದೇ ಅರ್ಧ ಮಿಲಿಮೀಟರ್ ತಪ್ಪಿಗೆ ಐದು ಸೆಂಟಿಮೀಟರ್ ಪಲ್ಲಟ. ಟ್ರಿಗರ್ ಭಾರವೂ ಹಾಗೇ. ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ, 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲಿಗೆ ಒಂದು ಕಿಲೋ ಇರಬೇಕೆಂಬುದು ನಿಯಮ. ಕುದುರೆಯನ್ನು (ತೋಟಾಕ್ಕೆ ಬಡಿಯುವ ಸುತ್ತಿಗೆಯನ್ನು) ಹಿಂದಕ್ಕೆ ಎಳೆದಿಡದೆ ನೇರ ಟ್ರಿಗರ್ ಒತ್ತಿ ಹೊಡೆಯುವ ರಿವಾಲ್ವರ್‌ನಲ್ಲಿ ಅದು ನಾಲ್ಕೂವರೆಯಿಂದ ಐದೂವರೆ ಕಿಲೋ. ಬೆರಳು ಅಷ್ಟು ಭಾರ ಎಳೆಯುವಾಗ ಇಡೀ ಮುಂಗೈ ಬಿಗಿಯುತ್ತದೆ, ಬಲಗೈಯವರ ಗುಂಡು ಕೆಳಕ್ಕೆ, ಎಡಕ್ಕೆ ಹೋಗುತ್ತದೆ. ಅಂಗಡಿಯಲ್ಲಿ ಹೊಸ ರಿವಾಲ್ವರ್ ಕೊಂಡು, ಲೈಸೆನ್ಸಿನಲ್ಲಿ ಬರೆದ ಒಂದಿಷ್ಟು ತೋಟಾಗಳಲ್ಲಿ ಆರು ಹೊಡೆದು ನೋಡಿ, ಉಳಿದದ್ದನ್ನು ಬೀರುವಿನಲ್ಲಿಟ್ಟವರು ತಮ್ಮ ಐದು ಮೀಟರ್ ಗುಂಡು ಎಲ್ಲಿ ಬೀಳುತ್ತದೆಂಬುದನ್ನು ತಿಳಿದಿರುವುದಿಲ್ಲ. ಏರ್ ಪಿಸ್ತೂಲಿನಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಪೆಲೆಟ್ ಹೊಡೆಯುವ ಹದಿನಾರರ ಹುಡುಗಿಗೆ ಅದು ತಿಳಿದಿರುತ್ತದೆ. ಕೈಚಳಕದ ಮಟ್ಟಿಗೆ ಕ್ರೀಡಾಪಟುವೇ ಮೇಲು, ಇದರಲ್ಲಿ ವಾದಕ್ಕೆ ಜಾಗವಿಲ್ಲ.

ಹಾಗಾದರೆ ಎಲ್ಲರಿಗೂ ಕ್ರೀಡಾ ತರಬೇತಿಯನ್ನೇ ಕೊಟ್ಟರೆ ಆಯಿತಲ್ಲ? ಆಗುವುದಿಲ್ಲ. ಗುರಿ ಅಭ್ಯಾಸದ ಮೈದಾನವಾದ ರೇಂಜ್ ಎಂದರೆ ನಿರ್ಧಾರವನ್ನು ಮೊದಲೇ ಮಾಡಿ ಮುಗಿಸಿರುವ ಜಾಗ. ಎದುರಿಗಿರುವುದು ಗುರಿಹಲಗೆ, ಅದನ್ನು ಹೊಡೆಯಬೇಕು, ಅದರ ಹಿಂದೆ ಮಣ್ಣಿನ ದಿಬ್ಬ ಇದೆ, ಯಾವಾಗ ಹೊಡೆಯಬೇಕೆಂದು ಅಧಿಕಾರಿ ಹೇಳುತ್ತಾರೆ, ನಿಲ್ಲಿಸಿ ಎಂದಾಗ ಎಲ್ಲರೂ ನಿಲ್ಲಿಸುತ್ತಾರೆ. ಹೊಡೆಯಬಹುದೇ, ಅದು ಏನು, ಅದರ ಹಿಂದೆ ಯಾರಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನೂ ರೇಂಜ್ ಕಟ್ಟಿದವರು ಶೂಟರ್ ಪರವಾಗಿ ಉತ್ತರಿಸಿಬಿಟ್ಟಿದ್ದಾರೆ. ತೋಟದಲ್ಲಿ, ಅಂಗಳದಲ್ಲಿ ಆ ಮೂರನ್ನೂ ಕೋವಿ ಹಿಡಿದವನೇ ಉತ್ತರಿಸಬೇಕು, ಅದೂ ಕತ್ತಲಲ್ಲಿ.

ಕೋವಿಯವರಿಗೆ ಎಲ್ಲಕ್ಕಿಂತ ಹತ್ತಿರದ ಕ್ರೀಡೆ ಟ್ರ್ಯಾಪ್. ಅದೇ 12 ಬೋರು, ಅದೇ ಭುಜ. 15 ಮೀಟರ್ ಮುಂದಿನ ಗುಂಡಿಯಿಂದ 11 ಸೆಂಟಿಮೀಟರ್ ಅಗಲದ ಮಣ್ಣಿನ ತಟ್ಟೆ ಚಿಮ್ಮುತ್ತದೆ, ತಡೆಯದಿದ್ದರೆ ಸುಮಾರು 76 ಮೀಟರ್ ಹೋಗಿ ಬೀಳುತ್ತದೆ. ಪಳಗಿದ ಶೂಟರ್ ಅದನ್ನು ಒಂದು ಸೆಕೆಂಡಿನೊಳಗೆ ಒಡೆಯುತ್ತಾನೆ. ಏನೋ ಚಿಮ್ಮಿತು, ಕೋವಿ ತಿರುಗಿತು, ಬೆರಳು ಎಳೆಯಿತು: ನಡುವೆ ಯೋಚನೆಗೆ ಜಾಗ ಇರಲೇಬಾರದು ಎಂದೇ ತರಬೇತಿ. ತೋಟದಲ್ಲಿ ಇದು ತಿರುಗುಬಾಣ. ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಸರಕ್ಕೆಂದು ಏನೋ ಚಿಮ್ಮಿದಾಗ ಕೋವಿ ತಾನಾಗಿ ಭುಜಕ್ಕೆ ಏರಬಾರದು. ಹಂದಿ ಎಂದು ಭಾವಿಸಿ ಮನುಷ್ಯನಿಗೆ ಗುಂಡು ಎಂಬ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಹಳೆಯದಾಗುವುದೇ ಇಲ್ಲ. ಅಲ್ಲೆಲ್ಲ ಗುರಿ ತಪ್ಪಿದ್ದಲ್ಲ, ಗುರಿ ಸರಿಯಾಗಿಯೇ ಬಿದ್ದಿತ್ತು.

ರಕ್ಷಣೆ ಮತ್ತು ಕ್ರೀಡೆಯ ನಡುವಿನ ಈ ಕಂದಕವನ್ನು ಮುಚ್ಚುತ್ತೇವೆಂದು ಹುಟ್ಟಿದ ಆಟಗಳೂ ಇವೆ. 1976ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಶುರುವಾದ ಐಪಿಎಸ್‌ಸಿ (ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್) ಅದರಲ್ಲಿ ಮುಖ್ಯ. ಓಡುತ್ತ, ಮರೆಯಿಂದ ಇಣುಕುತ್ತ, ಹಲವು ಗುರಿಗಳಿಗೆ ಹೊಡೆಯಬೇಕು. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡಿನಿಂದ ಭಾಗಿಸಿ ಫಲಿತಾಂಶ. ವೇಗಕ್ಕೆ ಬೆಲೆ ಬಂದೊಡನೆ ಸ್ಪರ್ಧಿಗಳು ಆಟಕ್ಕೆ ತಕ್ಕ ಆಯುಧ, ಆಟಕ್ಕೆ ತಕ್ಕ ಬೆಲ್ಟು, ಆಟಕ್ಕೆ ತಕ್ಕ ಓಟ ರೂಢಿಸಿಕೊಂಡರು. ಇದು ಮತ್ತೆ ಬರೀ ಆಟವಾಯಿತೆಂದು ಬೇಸತ್ತವರು 1996ರಲ್ಲಿ ಐಡಿಪಿಎ (ಇಂಟರ್‌ನ್ಯಾಷನಲ್ ಡಿಫೆನ್ಸಿವ್ ಪಿಸ್ಟಲ್ ಅಸೋಸಿಯೇಷನ್) ಕಟ್ಟಿದರು: ನಿತ್ಯ ಒಯ್ಯುವ ಪಿಸ್ತೂಲು, ಮೇಲೊಂದು ಅಂಗಿ, ಮರೆ ಬಿಟ್ಟು ಬಂದರೆ ದಂಡ. ಅದರಲ್ಲೂ ಸ್ಪರ್ಧಿಗಳು ಒಳದಾರಿ ಹುಡುಕಿಕೊಂಡರು ಬಿಡಿ. ಎರಡರಲ್ಲೂ ಹೊಡೆಯಬಾರದ ಗುರಿ ಇರುತ್ತದೆ, ಐಪಿಎಸ್‌ಸಿಯಲ್ಲಿ ಅದಕ್ಕೆ ತಗುಲಿದರೆ ಹತ್ತು ಅಂಕ ಕಡಿತ. ಆದರೆ ಯಾವುದು ಹೊಡೆಯಬಾರದ್ದು ಎಂದು ಸ್ಪರ್ಧಿ ಮೊದಲೇ ನಡೆದಾಡಿ ನೋಡಿಕೊಂಡಿರುತ್ತಾನೆ. ನಮ್ಮಲ್ಲಿ 9 ಎಂಎಂ ಪಿಸ್ತೂಲು ಸಾಮಾನ್ಯರಿಗೆ ನಿಷೇಧಿತ ಬೋರು, ಹಾಗಾಗಿ ಈ ಆಟ ನಮ್ಮ ಜಿಲ್ಲೆಯ ಪ್ರಶ್ನೆಗೆ ಉತ್ತರವಾಗುವ ಸಾಧ್ಯತೆ ಕಡಿಮೆ.

ಇನ್ನು ಆತ್ಮರಕ್ಷಣೆಯ ಶಿಬಿರಗಳ ವಿಚಾರ. ಒಳ್ಳೆಯ ಶಿಬಿರದಲ್ಲಿ ಎರಡು ಕೈಯ ಹಿಡಿತ, ಗುಂಡು ಸಿಕ್ಕಿಕೊಂಡರೆ ಬಿಡಿಸುವುದು, ಮರೆಗೆ ಸರಿಯುವುದು, ಬ್ಯಾಟರಿ ಹಿಡಿಯುವ ಕ್ರಮ, ಗಟ್ಟಿ ದನಿಯಲ್ಲಿ ಎಚ್ಚರಿಕೆ ಕೊಡುವುದು ಕಲಿಸುತ್ತಾರೆ. ಬ್ಯಾಟರಿಯ ಪಾಠ ಸಣ್ಣದಲ್ಲ. ಎಡಗೈಯಲ್ಲಿ ಬ್ಯಾಟರಿಯ ಗುಂಡಿ ಒತ್ತಿದಾಗ, ನಾಯಿಯ ಸರಪಳಿ ಜಗ್ಗಿದಾಗ, ಎಡವಿದಾಗ ಬಲಗೈಯೂ ತನಗೆ ತಿಳಿಯದಂತೆ ಬಿಗಿಯುತ್ತದೆ. ಆಗ ಬೆರಳು ಟ್ರಿಗರ್ ಮೇಲಿದ್ದರೆ ಐದು ಕಿಲೋ ಭಾರವೂ ತಡೆಯುವುದಿಲ್ಲ. ಬೆರಳು ನಳಿಗೆಯ ಪಕ್ಕದಲ್ಲಿ, ಟ್ರಿಗರ್ ಕಾವಲಿನ ಹೊರಗೆ ಉದ್ದಕ್ಕೆ ಚಾಚಿರಬೇಕು ಎಂಬ ನಿಯಮಕ್ಕೆ ಕಾರಣ ಇದು. ಕೋವಿಗೇ ಬ್ಯಾಟರಿ ಕಟ್ಟಿಕೊಳ್ಳುವ ಚಟ ನಮ್ಮಲ್ಲಿ ಹೆಚ್ಚು. ಅದರ ಅರ್ಥ, ಎದುರಿಗಿರುವುದು ಏನೆಂದು ನೋಡುವ ಮೊದಲೇ ಅದರ ಮೇಲೆ ನಳಿಗೆ ಇಟ್ಟಾಯಿತು ಎಂದು. ಎದುರು ಬಂದದ್ದು ಪಕ್ಕದ ಮನೆಯ ಗಣಪಣ್ಣನಾದರೆ? ನೋಡಲು ಒಂದು ಬೆಳಕು ಬೇರೆ ಇರಲಿ.

ಕೆಟ್ಟ ಶಿಬಿರದಲ್ಲಿ ಏನಿರುತ್ತದೆ? ಕಪ್ಪು ಅಂಗಿ, ತಂಪು ಕನ್ನಡಕ, ಎರಡು ದಿನದಲ್ಲಿ ಐವತ್ತು ಗುಂಡು, ಉರುಳಿ ಹೊಡೆಯುವ ಫೋಟೊ. ಸೊಂಟದಿಂದ ಪಿಸ್ತೂಲು ಸೆಳೆಯುವುದನ್ನು ಮೊದಲ ದಿನವೇ ತುಂಬಿದ ಆಯುಧದಲ್ಲಿ ಕಲಿಸುವವರಿಂದ ದೂರ ಇರುವುದು ಕ್ಷೇಮ. ಸೆಳೆಯುವಾಗ ಅವಸರದ ಬೆರಳು ಮೊದಲೇ ಟ್ರಿಗರ್ ಹುಡುಕುತ್ತದೆ, ನಳಿಗೆ ಆಗ ಸ್ವಂತ ತೊಡೆಯ ಕಡೆ ಇರುತ್ತದೆ. ಖಾಲಿ ಆಯುಧ, ಡಮ್ಮಿ ತೋಟಾ, ಗೋಡೆಯ ಕಡೆ ಮುಖ, ನೂರಾರು ಸಲ ನಿಧಾನವಾಗಿ: ಅದಾದ ಮೇಲೆ ಗುಂಡಿನ ಮಾತು. ಕುಮಟಾದ ಅಂಗಡಿಯವರಿಗೆ 21 ಅಡಿಯ ಲೆಕ್ಕ ಹೇಳಿ ಹೆದರಿಸುವುದೂ ಉಂಟು. ಚಾಕು ಹಿಡಿದವನು 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ ಎಂಬ ಈ ಮಾತು 1983ರಲ್ಲಿ ಡೆನ್ನಿಸ್ ಟ್ಯುಯೆಲ್ಲರ್ ಎಂಬ ಅಮೆರಿಕದ ಪೊಲೀಸ್ ತರಬೇತುದಾರ ಬರೆದದ್ದು. ಅಲ್ಲಿನ ಪೊಲೀಸರಿಗೆ ದೂರ ಇಟ್ಟುಕೊಳ್ಳಿ, ಮರೆ ಹುಡುಕಿ ಎಂದು ಎಚ್ಚರಿಸಲು ಹುಟ್ಟಿದ ಲೆಕ್ಕ ಅದು. ಅಷ್ಟು ದೂರದಲ್ಲಿದ್ದವನನ್ನು ಹೊಡೆಯಬಹುದು ಎಂಬ ಪರವಾನಗಿ ಅಲ್ಲ, ನಮ್ಮ ಕಾನೂನಿನಲ್ಲಂತೂ ಅಲ್ಲವೇ ಅಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ ಎಂಬುದಕ್ಕೆ ಶಿಬಿರಗಳು ಅರ್ಧ ಗಂಟೆಯನ್ನೂ ಕೊಡುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಖಾಸಗಿ ರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಹಕ್ಕು ಇದೆ, ದೇಹಕ್ಕೂ ಇದೆ, ಸ್ವತ್ತಿಗೂ ಇದೆ. ಆದರೆ 37ನೇ ಕಲಂ ಎರಡು ಕಟ್ಟು ಹಾಕುತ್ತದೆ: ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕು ಇಲ್ಲ, ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಸ್ವತ್ತಿನ ರಕ್ಷಣೆಗಾಗಿ ಪ್ರಾಣ ತೆಗೆಯುವ ಮಟ್ಟಕ್ಕೆ ಹೋಗಬಹುದಾದ ಸಂದರ್ಭಗಳನ್ನು 41ನೇ ಕಲಂ ಬೆರಳೆಣಿಕೆಯಲ್ಲಿ ಹೇಳುತ್ತದೆ. ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿ ಹಚ್ಚುವುದು, ಮತ್ತು ಪ್ರಾಣಭಯ ಅಥವಾ ಘೋರ ಗಾಯದ ಭಯ ನ್ಯಾಯವಾಗಿ ಹುಟ್ಟಿಸುವಂಥ ಕಳವು, ಅತಿಕ್ರಮ. ನಮ್ಮ ಕಡೆಯ ನಿಜವಾದ ತಲೆನೋವು ಅಡಿಕೆ ಕಳ್ಳತನ. ಅಂಗಳದಲ್ಲಿ ಒಣಗಲು ಹಾಕಿದ ಚಾಲಿ, ಮರದಲ್ಲಿರುವ ಕೊನೆ, ಚೀಲದ ಕಾಳುಮೆಣಸು. ಚೀಲ ಹೊತ್ತು ಓಡುತ್ತಿರುವ ಕಳ್ಳನ ಬೆನ್ನಿಗೆ ಹೊಡೆದ ಗುಂಡಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಆ ಹೊತ್ತಿಗೆ ಬೇಕಾದದ್ದು ಬಾಗಿಲು ಭದ್ರ ಮಾಡಿ 112ಕ್ಕೆ ಫೋನು, ಅಂಗಳಕ್ಕೆ ದೀಪ. ಕತ್ತಲಲ್ಲಿ ಕೋವಿ ಹಿಡಿದು ಹುಡುಕಲು ಹೊರಟವನು ಕಳ್ಳನಿಗಿಂತ ಹೆಚ್ಚಾಗಿ ತನ್ನ ತಮ್ಮನನ್ನೋ ಆಳನ್ನೋ ಎದುರಾಗುತ್ತಾನೆ.

ಬೆಳೆ ರಕ್ಷಣೆಯ ಕೋವಿಗೆ ಇನ್ನೊಂದು ಕಾನೂನು ಜೊತೆಗಿದೆ. ಆಯುಧ ಕಾಯಿದೆಯ 13ನೇ ಕಲಂ ಬೆಳೆ ರಕ್ಷಣೆಗೆ ಮೊದಲು ನೆನೆಯುವುದು ಬಾಯಿಂದ ತುಂಬುವ ಕೋವಿಯನ್ನೇ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ (ಒಳಗೆ ಸುರುಳಿ ಗೆರೆ ಇಲ್ಲದ) ಕೋವಿ ಕೊಡಬಹುದು. ಕೊಡಗಿನವರಿಗೆ ಇರುವ ಲೈಸೆನ್ಸಿನ ವಿನಾಯಿತಿ ನಮಗಿಲ್ಲ. ಆದರೆ ಕೋವಿಗೆ ಲೈಸೆನ್ಸ್ ಇದೆ ಎಂದರೆ ಪ್ರಾಣಿಗೆ ಲೈಸೆನ್ಸ್ ಇದೆ ಎಂದಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಕಾಯಿದೆಯ ತಿದ್ದುಪಡಿಯಲ್ಲಿ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಹಾನಿ ಮಾಡುವುದನ್ನು ಕೊಲ್ಲಲೂ 11ನೇ ಕಲಂ ಪ್ರಕಾರ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಆದೇಶ ಬೇಕು. ಕೆಂಪು ಮಂಗ ಒಂದನೇ ಅನುಸೂಚಿಗೆ ಹೋಗಿದೆ. ಕಾಡುಕೋಣ, ನವಿಲು ಮೊದಲಿನಿಂದಲೂ ಅಲ್ಲಿವೆ. ಶಿರಸಿ–ಹೊನ್ನಾವರ ಘಟ್ಟದಲ್ಲಿ ಸಿಂಗಳೀಕವಿದೆ. ಮುಸ್ಸಂಜೆಯಲ್ಲಿ ಮರದ ತುದಿಯ ಕಪ್ಪು ಆಕಾರ ಮುಸಿಯವೋ ಸಿಂಗಳೀಕವೋ ಎಂದು ಹೇಳಲಾಗದವನು ಕೋವಿ ಎತ್ತುವಂತೆಯೇ ಇಲ್ಲ. ಸತ್ತ ಮಂಗವನ್ನು ಮುಟ್ಟುವುದೂ ಬೇಡ, ಸಿದ್ದಾಪುರದ ಕಡೆಯವರಿಗೆ ಮಂಗನ ಕಾಯಿಲೆಯ ಉಣುಗಿನ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಈಗ ಗುರಿಯ ಹಿಂದೇನಿದೆ ಎಂಬ ಪ್ರಶ್ನೆಗೆ ಬರೋಣ. ನಮ್ಮ ಜಿಲ್ಲೆಯ ನೆಲ ಇದನ್ನು ಕಷ್ಟದ ಪ್ರಶ್ನೆಯಾಗಿಸಿದೆ. ಚರೆ, ಅಂದರೆ ಕೋವಿಯಿಂದ ಹಾರುವ ಸೀಸದ ಕಾಳು, ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಹಳೆಯ ಒಂದು ಸೂತ್ರವಿದೆ: ಚರೆಯ ದಪ್ಪವನ್ನು ಇಂಚಿನಲ್ಲಿ ತೆಗೆದುಕೊಂಡು 2200ರಿಂದ ಗುಣಿಸಿದರೆ ಗಜದ ಲೆಕ್ಕ ಸಿಗುತ್ತದೆ. 4 ನಂಬರಿನ ಚರೆಗೆ ಸುಮಾರು 245 ಮೀಟರ್, ಎಲ್‌ಜಿ ಎಂಬ ದಪ್ಪ ಚರೆಗೆ 700 ಮೀಟರ್ ದಾಟುತ್ತದೆ. .22 ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಘಟ್ಟದ ಮೇಲಿನ ತೋಟಗಳು ಕಣಿವೆಯಲ್ಲಿವೆ, ಮನೆಗಳು ತೋಟದ ತಲೆಯ ಮೇಲೆ, ಬೆಟ್ಟ ಅದಕ್ಕೂ ಮೇಲೆ. ಕಣಿವೆಯ ಇಳಿಜಾರಿನ ಮಣ್ಣಿಗೆ ಕೆಳಮುಖವಾಗಿ ಹೊಡೆದದ್ದು ಅಲ್ಲೇ ಹೂತುಹೋಗುತ್ತದೆ. ಅಡಿಕೆ ಮರದ ತುದಿಗೆ ಎತ್ತಿ ಹೊಡೆದ ಎಲ್‌ಜಿ ಎದುರು ದಂಡೆಯ ಹಂಚಿನ ಮೇಲೋ, ಕೊನೆ ಕೊಯ್ಯಲು ಮರ ಏರಿದವನ ಮೇಲೋ ಇಳಿಯಬಹುದು. ಕರಾವಳಿಯಲ್ಲಿ ಇನ್ನೂ ಕಷ್ಟ. ಚಿರೆಕಲ್ಲಿನ ಪಾಗಾರಕ್ಕೆ ತಾಗಿದ ಚರೆ ತಿರುಗಿ ಬರುತ್ತದೆ. ಅಘನಾಶಿನಿಯ ಗಜನಿಯಲ್ಲಿ ನಿಂತ ನೀರಿನ ಮೇಲೆ ಓರೆಯಾಗಿ ಹೊಡೆದದ್ದು ಮುಳುಗುವುದಿಲ್ಲ, ಮಕ್ಕಳು ಎಸೆದ ಚಪ್ಪಟೆ ಕಲ್ಲಿನ ಹಾಗೆ ಕುಪ್ಪಳಿಸಿ ಆಚೆ ದಂಡೆಗೆ ಹೋಗುತ್ತದೆ. ಮನೆ ಮನೆ ಅಂಟಿಕೊಂಡಿರುವ ಕಾರವಾರದ ಓಣಿಗಳಲ್ಲಿ ಸುರಕ್ಷಿತ ದಿಕ್ಕು ಎಂಬುದೇ ಸಿಗುವುದಿಲ್ಲ.

ತನ್ನ ಕೋವಿ ಎಷ್ಟು ಹರಡುತ್ತದೆ ಎಂಬುದೂ ಬಹಳ ಜನರಿಗೆ ಗೊತ್ತಿಲ್ಲ. ದೂರ ಹೆಚ್ಚಿದಷ್ಟೂ ಚರೆ ಹರಡುತ್ತ ಹೋಗುತ್ತದೆ, ಬಾಯಿ ಕಿರಿದಾಗದ ನಳಿಗೆಯಲ್ಲಿ ಇನ್ನೂ ಹೆಚ್ಚು. ಫುಲ್ ಚೋಕ್ (ನಳಿಗೆಯ ಬಾಯಿಯನ್ನು ಪೂರ್ತಿ ಕಿರಿದು ಮಾಡಿದ್ದು) ಇದ್ದರೆ 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ನೂರಕ್ಕೆ ಎಪ್ಪತ್ತು ಚರೆ ಬೀಳಬೇಕು, ಚೋಕ್ ಇಲ್ಲದಿದ್ದರೆ ನಲವತ್ತು. ಉಳಿದ ಅರುವತ್ತು ಎಲ್ಲಿಗೆ ಹೋದವು ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ತರಬೇತಿ ಹುಟ್ಟಿಸಬೇಕು. ರೇಂಜಿನಲ್ಲಿ ಮೀಟರ್ ಅಗಲದ ಕಾಗದ ಕಟ್ಟಿ, ತನ್ನದೇ ಕೋವಿಯಲ್ಲಿ, ತಾನು ಬಳಸುವ ತೋಟಾದಲ್ಲೇ 10, 20, 30 ಮೀಟರ್‌ಗೆ ಎರಡೆರಡು ಹೊಡೆದು ನೋಡಿದರೆ ಆರು ತೋಟಾದಲ್ಲಿ ಮುಗಿಯುವ ಪಾಠ ಇದು. ಟ್ರ್ಯಾಪ್ ಶೂಟರ್‌ಗಳು ಹೊಸ ಕೋವಿ ಕೊಂಡಾಗ ಮಾಡುವ ಮೊದಲ ಕೆಲಸಗಳಲ್ಲೊಂದು. ಬೆಳೆ ಕಾಯುವವರಿಗೆ ಯಾರೂ ಹೇಳಿಕೊಡುವುದಿಲ್ಲ.

ಕ್ರೀಡೆಯಿಂದ ಕಣ್ಣು ಮುಚ್ಚಿ ಎರವಲು ತರಬಹುದಾದ ಇನ್ನೊಂದು ಅಭ್ಯಾಸ ಖಾಲಿ ತೋರಿಸುವುದು. ರೇಂಜಿನಲ್ಲಿ ಹೊಡೆಯದೇ ಇರುವ ಪ್ರತಿ ಆಯುಧದ, ತೋಟಾ ಕೂರುವ ಚೇಂಬರಿನಲ್ಲಿ ಬಣ್ಣದ ಸೇಫ್ಟಿ ಫ್ಲ್ಯಾಗ್ ಕಾಣುತ್ತಿರಬೇಕು, ಟ್ರ್ಯಾಪ್ ಮೈದಾನದಲ್ಲಿ ಕೋವಿ ಮುರಿದೇ, ಅಂದರೆ ನಳಿಗೆಯನ್ನು ಕೀಲಿನಲ್ಲಿ ಬಾಗಿಸಿ ತೆರೆದೇ ನಡೆಯಬೇಕು. ಇಲ್ಲಿ ನಾವು ತುಂಬಿದ ಕೋವಿಯನ್ನು ಹೆಗಲಿಗೇರಿಸಿ ದಣಪೆ (ಬೇಲಿಯ ಗೇಟು) ದಾಟುತ್ತೇವೆ, ಜಾರುವ ಅಡಿಕೆ ದಬ್ಬೆಯ ಸಂಕ ದಾಟುತ್ತೇವೆ, ಅಗಳ ಹಾರುತ್ತೇವೆ. ದಣಪೆಯ ಮುಂದೆ ನಿಂತು ಕೋವಿ ಮುರಿದು ತೋಟಾ ತೆಗೆದು ಕಿಸೆಗೆ ಹಾಕಲು ನಾಲ್ಕು ಸೆಕೆಂಡು ಸಾಕು. ಕೇಪಿನ ಕೋವಿಯನ್ನು ಹಾಗೆ ಖಾಲಿ ಮಾಡಲಾಗದು. ಕೇಪು ತೆಗೆದು, ಕುದುರೆ ಇಳಿಸಿ ದಾಟಬೇಕು, ಮನೆಗೆ ಬಂದ ಮೇಲೂ ಅದನ್ನು ತುಂಬಿದ ಕೋವಿ ಎಂದೇ ಎಣಿಸಬೇಕು. ಅದು ತುಂಬಿದೆಯೋ ಇಲ್ಲವೋ ತಿಳಿಯಲು ಗಜದ ಕೋಲಿಗೆ (ನಳಿಗೆಯೊಳಗೆ ಮದ್ದು ಜಡಿಯುವ ಕೋಲು) ಎರಡು ಗೆರೆ ಕೊರೆದಿಡುವ ಹಳೆಯ ಉಪಾಯವಿದೆ: ಖಾಲಿ ನಳಿಗೆಯಲ್ಲಿ ಕೋಲು ಎಲ್ಲಿವರೆಗೆ ಇಳಿಯುತ್ತದೆ ಎಂಬುದಕ್ಕೆ ಒಂದು, ತುಂಬಿದಾಗ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಇನ್ನೊಂದು. ಅಪ್ಪ ಸುಮ್ಮನೆ ಮೂಲೆಗೆ ಒರಗಿಸಿಟ್ಟ ಕೋವಿಯನ್ನು ಖಾಲಿ ಎಂದುಕೊಂಡು ಹುಡುಗರು ಆಡುವ ಮನೆಯಲ್ಲಿ ಆ ಎರಡು ಗೆರೆಗೆ ಜೀವದ ಬೆಲೆ.

ಮಳೆಗಾಲದ ಪಾಠ ಯಾವ ಪಠ್ಯದಲ್ಲೂ ಇಲ್ಲ. ತೇವ ಹಿಡಿದ ಕೇಪು ಕೆಲವೊಮ್ಮೆ ಹೊಡೆಯುವುದೇ ಇಲ್ಲ, ಕೆಲವೊಮ್ಮೆ ತಡವಾಗಿ ಹೊಡೆಯುತ್ತದೆ. ಕಟ್ ಎಂದು ಸದ್ದಾಗಿ ಗುಂಡು ಹಾರದಿದ್ದರೆ ನಳಿಗೆಯನ್ನು ಅದೇ ಸುರಕ್ಷಿತ ದಿಕ್ಕಿನಲ್ಲಿ ಹಿಡಿದುಕೊಂಡು ತೋಟಾ ಕೋವಿಯಾದರೆ ಕನಿಷ್ಠ ಅರ್ಧ ನಿಮಿಷ, ಕೇಪಿನದ್ದಾದರೆ ಎರಡು ನಿಮಿಷ ಕಾಯಬೇಕು. ತಕ್ಷಣ ಬಾಯಿ ಕಡೆಯಿಂದ ಇಣುಕಿ ನೋಡುವುದು ನಮ್ಮಲ್ಲಿ ಸಹಜವೆಂಬಂತೆ ನಡೆಯುತ್ತದೆ. ಕುಂಬಾರ ಹುಳು ನಳಿಗೆಯ ಬಾಯಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಒಂದು ಚಮಚ ಒಣ ಮಣ್ಣು ನಳಿಗೆ ಸೀಳಲು ಸಾಕು. ಕಪ್ಪು ಮದ್ದಿನ ಮಸಿ ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ, ಹಾಗಾಗಿ ಹೊಡೆದ ದಿನವೇ ಬಿಸಿ ನೀರು, ಬಟ್ಟೆ, ಎಣ್ಣೆ. ಏರ್ ರೈಫಲ್‌ನವರೂ ತಪ್ಪಿಸಿಕೊಳ್ಳುವಂತಿಲ್ಲ. ಕೈಪಂಪಿನಿಂದ 200 ಬಾರ್ ಗಾಳಿ ತುಂಬುವಾಗ ಕಾರವಾರದ ಗಾಳಿಯ ನೀರೂ ಸಿಲಿಂಡರಿಗೆ ಹೋಗುತ್ತದೆ. ರೆಗ್ಯುಲೇಟರ್ ಒಳಗೆ ತುಕ್ಕು ಕೂತರೆ ಪೆಲೆಟ್‌ನ ವೇಗ ಏರಿಳಿಯತೊಡಗಿ ಗುಂಡುಗಳು ಲಂಬವಾಗಿ ಮೇಲೆ ಕೆಳಗೆ ಚದುರುತ್ತವೆ, ಶೂಟರ್ ತನ್ನ ಉಸಿರನ್ನು ಬೈದುಕೊಳ್ಳುತ್ತಾನೆ. ಪಂಪಿಗೆ ತೇವ ಹೀರುವ ಫಿಲ್ಟರ್ ಹಾಕಿ, ಅದರ ಹರಳಿನ ಬಣ್ಣ ಬದಲಾದಾಗ ಒಣಗಿಸಬೇಕು. ಸಿಲಿಂಡರಿನ ಆಯುಷ್ಯ ಹತ್ತು ವರ್ಷ, ದಿನಾಂಕ ಅದರ ಮೇಲೇ ಕೊರೆದಿರುತ್ತದೆ.

ಹಾಗಾದರೆ ಹೇಗಿರಬೇಕು ಇಲ್ಲಿನ ತರಬೇತಿ? ಅಡಿಪಾಯ ಕ್ರೀಡೆಯಿಂದಲೇ ಬರಲಿ. 4.5 ಮಿಲಿಮೀಟರ್ ಬೋರಿನ, 20 ಜೂಲ್ ಒಳಗಿನ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ, ಸ್ಪರ್ಧೆಯ ರೈಫಲ್‌ಗಳ ಶಕ್ತಿ ಎಂಟು ಜೂಲ್ ಆಸುಪಾಸು. ಹದಿನಾರು ಮೀಟರ್ ಉದ್ದದ ಸೊಸೈಟಿ ಗೋದಾಮು ಸಾಕು: ನೆಲದಿಂದ 1.4 ಮೀಟರ್ ಎತ್ತರಕ್ಕೆ ಗುರಿಹಲಗೆ, ಅದರ ಮೇಲೆ 1500 ಲಕ್ಸ್ ಬೆಳಕು, ಹಿಂದೆ ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆ, ಪಕ್ಕದ ಬಾಗಿಲುಗಳಿಗೆ ಒಳಗಿನಿಂದ ಚಿಲಕ. ಪೆಲೆಟ್ ಸೀಸದ್ದು, ಊಟಕ್ಕೆ ಮೊದಲು ಕೈ ತೊಳೆಯಬೇಕು. ಆಸರೆಯ ಮೇಲೆ ಇಟ್ಟು ಹೊಡೆದ ಐದು ಪೆಲೆಟ್ ಮೂರು ಸೆಂಟಿಮೀಟರ್‌ನೊಳಗೆ ಬೀಳುವವರೆಗೆ ಬೇರೆ ಆಯುಧ ಮುಟ್ಟಿಸದಿದ್ದರೆ ಬೆರಳು, ಉಸಿರು, ಕಣ್ಣು ಮೂರೂ ಪಳಗುತ್ತವೆ. ಲೈಸೆನ್ಸಿನ ತೋಟಾಗಳಲ್ಲಿ ಅಷ್ಟು ಅಭ್ಯಾಸ ಯಾರಿಗೂ ಆಗುವುದಿಲ್ಲ. ರೈತನ ಲೈಸೆನ್ಸಿನಲ್ಲಿ ಹತ್ತುಗಳ ಲೆಕ್ಕ, ಕ್ರೀಡಾಪಟುವಿನದರಲ್ಲಿ ಸಾವಿರಗಳ ಲೆಕ್ಕ.

ಮೇಲಿನ ಅರ್ಧ ಬೇರೆಯೇ ಇರಬೇಕು, ಅದರಲ್ಲಿ ಗುಂಡೇ ಬೇಡ. ಮುಸ್ಸಂಜೆ, ನಿಜವಾದ ತೋಟ, ಖಾಲಿ ಕೋವಿ, ಮೊದಲೇ ನೆಟ್ಟ ರಟ್ಟಿನ ಆಕಾರಗಳು. ಹಂದಿ, ದನ, ಕಂಬಳಿ ಹೊದ್ದು ಕೂತ ಮನುಷ್ಯ, ಸಿಂಗಳೀಕ. ಕೆಲವು ಕಡೆ ಸದ್ದು ಮಾತ್ರ. ಕಲಿಯುವವನು ಇದು ಏನು, ಹಿಂದೆ ಏನಿದೆ, ಆದೇಶ ಕೈಯಲ್ಲಿದೆಯೇ ಎಂಬುದನ್ನು ಬಾಯಿಬಿಟ್ಟು ಹೇಳಬೇಕು, ಆಮೇಲೆ ಹೊಡೆಯುತ್ತೇನೆ ಅಥವಾ ಇಳಿಸುತ್ತೇನೆ ಎನ್ನಬೇಕು. ಎಂಟು ಸೆಕೆಂಡಿನಲ್ಲಿ ಖಚಿತವಾಗದಿದ್ದರೆ ರೈಫಲ್ ಇಳಿಸುವ ಕ್ರೀಡಾಪಟುವಿನ ಆ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಹತ್ತು ಆಕಾರಗಳಲ್ಲಿ ಏಳೆಂಟು ಹೊಡೆಯಬಾರದವೇ ಇರಲಿ, ವಾಸ್ತವದ ಅನುಪಾತ ಅದಕ್ಕಿಂತಲೂ ಹೆಚ್ಚು. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಮೈದಾನಗಳಲ್ಲಿ ನಡೆಸುವ ನಾಗರಿಕ ಬಂದೂಕು ತರಬೇತಿಗೆ ಇಂಥ ಒಂದು ಸಂಜೆ ಸೇರಿಸಲು ಖರ್ಚೆಂದರೆ ರಟ್ಟು ಮತ್ತು ಬಣ್ಣ. ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು, ವಕೀಲರೊಬ್ಬರು ಜೊತೆಗಿದ್ದರೆ ಕಾನೂನಿನ ಪಾಠವೂ ಅಲ್ಲೇ ಮುಗಿಯುತ್ತದೆ.

ಚುನಾವಣೆ ಬಂದಾಗ ಈ ಎರಡು ಲೋಕಗಳ ವ್ಯತ್ಯಾಸವನ್ನು ಆಡಳಿತವೂ ಗುರುತಿಸುತ್ತದೆ. ರಾಷ್ಟ್ರೀಯ ರೈಫಲ್ ಸಂಸ್ಥೆಯ ಸದಸ್ಯತ್ವವಿದ್ದು ಸ್ಪರ್ಧೆಗಳಲ್ಲಿ ಭಾಗವಹಿಸುವವರಿಗೆ ಆಯುಧ ಠೇವಣಿಯಿಂದ ವಿನಾಯಿತಿ ಸಿಗುತ್ತದೆ, ರೈತನ ಕೋವಿ ಠಾಣೆಗೆ ಹೋಗುತ್ತದೆ. ಯಾರದ್ದು ಠೇವಣಿ ಇಡಬೇಕೆಂದು ಪರಿಶೀಲನಾ ಸಮಿತಿ ಒಬ್ಬೊಬ್ಬರದ್ದಾಗಿ ನೋಡಬೇಕೆಂಬ ಸೂಚನೆ ಇದ್ದರೂ ಸಾರಾಸಗಟಾಗಿ ತರಿಸಿಕೊಳ್ಳುತ್ತಾರೆಂಬ ದೂರು ಪ್ರತಿ ಸಲದ್ದು. 2024ರ ಲೋಕಸಭಾ ಚುನಾವಣೆ ಮಾರ್ಚ್ 16ರಂದು ಘೋಷಣೆಯಾಯಿತು, ಉತ್ತರ ಕನ್ನಡದಲ್ಲಿ ಮೇ 7ರಂದು ಮತದಾನ, ಜೂನ್ 4ರಂದು ಎಣಿಕೆ. ಎಂಬತ್ತು ದಿನ ಒಂದರ ಮೇಲೊಂದು ಒರಗಿ ನಿಂತ ಕೋವಿ ಮಳೆ ಹಿಡಿಯುವ ಹೊತ್ತಿಗೆ ಮನೆಗೆ ಬರುತ್ತದೆ. ಕೊಡುವಾಗಲೇ ಎಣ್ಣೆ ಹಚ್ಚಿ, ನಂಬರು ಬರೆದ ರಸೀದಿ ಪಡೆದು, ಫೋಟೊ ತೆಗೆದಿಟ್ಟುಕೊಳ್ಳಬೇಕು. ತರುವಾಗ ಠಾಣೆಯಲ್ಲೇ ನಂಬರು ತಾಳೆ ನೋಡಿ, ಕೋವಿ ಮುರಿದು ಹಿಂದಿನಿಂದ ಬೆಳಕಿಗೆ ಹಿಡಿದು ನಳಿಗೆ ಕೊನೆಯವರೆಗೆ ದುಂಡಗೆ ಹೊಳೆಯುತ್ತಿದೆಯೇ ನೋಡಬೇಕು. ನಡುವೆ ಕಪ್ಪು ಉಂಗುರದಂಥ ನೆರಳು ಕಂಡರೆ ಅದು ಉಬ್ಬು ಅಥವಾ ಆಳದ ತುಕ್ಕು. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸುವವರೆಗೆ ಆ ಕೋವಿಗೆ ತೋಟಾ ಹಾಕುವಂತಿಲ್ಲ.